ಮಣಿಕಟ್ಟು ನೋಯಿಸುವ ಬೈಕು ಘಾಟಿನಲ್ಲಿ ಮಾತು ಕೇಳುವುದೇಕೆ?

ಪ್ರಶ್ನೆ: ಸರ್, ನಾನು ಗೋಕಾಕದವ. ಪುಣೆ ಹತ್ತಿರದ ಚಾಕಣದಲ್ಲಿ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕೆಲಸ, ನಿಗಡಿಯಲ್ಲಿ ರೂಮು. ಹೋದ ತಿಂಗಳು 2022ರ ಮಾದರಿಯ ಕೆಟಿಎಂ ಆರ್‌ಸಿ 390 ಸೆಕೆಂಡ್ ಹ್ಯಾಂಡ್ ತಗೊಂಡೆ. ಊರಲ್ಲಿ ಅಪ್ಪನ ಹತ್ತಿರ ಹೊಸ ಎಂಜಿನ್ನಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇದೆ. ಸಿಸಿ ಹೆಚ್ಚುಕಡಿಮೆ ಒಂದೇ ಇರುವಾಗ ಪವರ್ ಎರಡರಷ್ಟು ಹೇಗಾಯಿತು? ತಾಮ್ಹಿಣಿ ಘಾಟಿನಲ್ಲಿ ನನ್ನ ಬೈಕು ನೋಡಿದ ಕಡೆ ಹೋಗುತ್ತದೆ. ಆದರೆ ಚಾಕಣ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆಗೆ ಮಣಿಕಟ್ಟು ಸೋತುಹೋಗುತ್ತದೆ. ಅಪ್ಪ ಇಲ್ಲಿಗೆ ಬಂದಾಗ ಒಂದು ರೌಂಡ್ ಹೊಡೆದು, "ಹೇಳಿದ ಮಾತು ಕೇಳ್ತದ, ಆದ್ರ ಕೂಡಾಕ ಆಗೂದಿಲ್ಲ" ಅಂದರು. ಗೆಳೆಯರು ಹ್ಯಾಂಡಲ್ ಎತ್ತರಿಸು, ಹಿಂದೆ ದಪ್ಪ ಟಯರ್ ಹಾಕಿಸು ಅನ್ನುತ್ತಾರೆ. ಮಾಡಿಸಲೇ? ದಸರಾಕ್ಕೆ ಊರಿಗೆ ಇದರಲ್ಲೇ ಹೋಗುವ ಮನಸ್ಸಿದೆ.

ಉತ್ತರ: ದಪ್ಪ ಟಯರ್ ಬೇಡವೇ ಬೇಡ. ಹ್ಯಾಂಡಲ್ಲಿನ ವಿಷಯದಲ್ಲಿ ಸ್ವಲ್ಪ ಅವಕಾಶವಿದೆ, ಆಮೇಲೆ ಹೇಳುತ್ತೇನೆ. ನಿಮ್ಮ ತಂದೆಯವರು ಒಂದೇ ರೌಂಡಿನಲ್ಲಿ ಎರಡು ಮಾತು ಹೇಳಿದ್ದಾರಲ್ಲ, ಅವೆರಡೂ ನಿಜ. ಮುಖ್ಯವಾಗಿ, ಅವೆರಡಕ್ಕೂ ಕಾರಣ ಒಂದೇ. ಮಾತು ಕೇಳುವುದಕ್ಕಾಗಿಯೇ ಅದು ಹಾಗೆ ಕೂರಿಸುತ್ತದೆ. ಪುಣೆಗೆ ಬಂದು ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಅದರಲ್ಲಿ ಬಹುಪಾಲು ದ್ವಿಚಕ್ರ ವಾಹನಗಳ ಚಾಸಿ (ಫ್ರೇಮು, ಚಕ್ರ, ಸಸ್ಪೆನ್ಶನ್) ಪರೀಕ್ಷೆಯಲ್ಲೇ ಕಳೆದಿದ್ದೇನೆ. ಸ್ಪೋರ್ಟ್ಸ್ ಬೈಕ್ ಅಂದರೇನು ಎಂದು ಯಾರಾದರೂ ಕೇಳಿದರೆ ನಾನು ಎಂಜಿನ್ನಿನಿಂದ ಶುರುಮಾಡುವುದಿಲ್ಲ. ಮುಂದಿನ ಟಯರಿನ ಮೇಲೆ ಬೇಕಾದಾಗ ಬೇಕಾದಷ್ಟು ಭಾರ ಇರುವಂತೆ ನೋಡಿಕೊಳ್ಳುವ ಯಂತ್ರ ಅದು ಅನ್ನುತ್ತೇನೆ. ಆದರೂ ನೀವು ಕೇಳಿದ್ದು ಎಂಜಿನ್, ಆ ಲೆಕ್ಕವನ್ನು ಮೊದಲು ಮುಗಿಸೋಣ. ಅದು ಚಂದದ ಲೆಕ್ಕವೂ ಹೌದು.

ಕ್ಲಾಸಿಕ್‌ನ 349 ಸಿಸಿ ಎಂಜಿನ್ 6,100 ಆರ್‌ಪಿಎಂನಲ್ಲಿ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗ, 20.2 ಎಚ್‌ಪಿ ಕೊಡುತ್ತದೆ. ನಿಮ್ಮ 373 ಸಿಸಿ ಎಂಜಿನ್ 9,000 ಆರ್‌ಪಿಎಂನಲ್ಲಿ ಸುಮಾರು 43 ಎಚ್‌ಪಿ. ಪವರ್ ಅಂದರೆ ಟಾರ್ಕನ್ನು (ಎಂಜಿನ್ನಿನ ತಿರುಚುವ ಬಲವನ್ನು) ಸುತ್ತುಗಳಿಂದ ಗುಣಿಸಿದ್ದು, ಅಷ್ಟೇ. ನಿಮ್ಮದು ತಿರುಗುವುದು ಸುಮಾರು ಒಂದೂವರೆ ಪಟ್ಟು ಜಾಸ್ತಿ. ಆ ಸುತ್ತಿನಲ್ಲಿ ಅದರ ಟಾರ್ಕ್ ಕೂಡ ಹತ್ತಿರಹತ್ತಿರ ಒಂದೂವರೆ ಪಟ್ಟು: ಅಲ್ಲಿ ಸುಮಾರು 23.5 ನ್ಯೂಟನ್ ಮೀಟರ್, ಇಲ್ಲಿ ಸುಮಾರು 34. ಎರಡನ್ನೂ ಗುಣಿಸಿ, ಎರಡು ಪಟ್ಟಿಗಿಂತ ತುಸು ಹೆಚ್ಚೇ ಬರುತ್ತದೆ. ಅಂದರೆ ಹೆಚ್ಚುವರಿ ಶಕ್ತಿಯ ಅರ್ಧ ಪಾಲು ವೇಗವಾಗಿ ತಿರುಗಿದ್ದರಿಂದ ಬಂದಿದೆ, ಇನ್ನರ್ಧ ಪ್ರತಿ ಸುತ್ತಿನಲ್ಲೂ ಸಿಲಿಂಡರಿಗೆ ಚೆನ್ನಾಗಿ ಗಾಳಿ ತುಂಬಿ, ಬಿಗಿಯಾಗಿ ಒತ್ತಿದ್ದರಿಂದ ಬಂದಿದೆ. ನಿಮ್ಮದರಲ್ಲಿ ನಾಲ್ಕು ವಾಲ್ವ್, ಅವುಗಳ ತಲೆಯ ಮೇಲೆ ಎರಡು ಕ್ಯಾಮ್‌ಶಾಫ್ಟ್, ತಂಪು ಮಾಡಲು ರೇಡಿಯೇಟರ್ ನೀರು. ಅಪ್ಪನವರದರಲ್ಲಿ ಎರಡು ವಾಲ್ವ್, ಗಾಳಿ ಮತ್ತು ಆಯಿಲ್ ತಂಪು. ಸಿಲಿಂಡರಿನ ಗಾಳಿಯನ್ನು ಎಷ್ಟು ಪಟ್ಟು ಒತ್ತುತ್ತದೆ ಎಂಬ ಕಂಪ್ರೆಶನ್ ಅಲ್ಲಿ 9.5, ಇಲ್ಲಿ 12ರ ಮೇಲೆ.

ಹಾಗಿದ್ದರೆ ಕ್ಲಾಸಿಕ್ ಎಂಜಿನ್ನನ್ನೂ 9,000ಕ್ಕೆ ತಿರುಗಿಸಬಹುದಲ್ಲ? ಆಗುವುದಿಲ್ಲ. ಅದರ ಪಿಸ್ಟನ್ 72 ಮಿ.ಮೀ. ಅಗಲ, ಮೇಲೆ ಕೆಳಗೆ ಓಡುವ ದೂರ 85.8 ಮಿ.ಮೀ. ಉದ್ದ ಓಟದ ಎಂಜಿನ್. ನಿಮ್ಮದು 89 ಮಿ.ಮೀ. ಅಗಲ, 60 ಮಿ.ಮೀ. ಓಟ. ಈಗ ಇಬ್ಬರದೂ ಗರಿಷ್ಠ ಪವರ್ ಇರುವ ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಲೆಕ್ಕಹಾಕಿ. ಕ್ಲಾಸಿಕ್‌ನದು ಸೆಕೆಂಡಿಗೆ 17.4 ಮೀಟರ್, ಆರ್‌ಸಿಯದು 18 ಮೀಟರ್. ಹೆಚ್ಚುಕಡಿಮೆ ಒಂದೇ! ಚೀರಾಡುತ್ತಿದೆ ಅನ್ನಿಸುವ ಎಂಜಿನ್ನಿನ ಒಳಗೆ ಪಿಸ್ಟನ್ನು ಅಪ್ಪನವರ ಡುಗುಡುಗು ಎಂಜಿನ್ನಿನದಕ್ಕಿಂತ ಹೆಚ್ಚೇನೂ ಜೋರಾಗಿ ಓಡುತ್ತಿಲ್ಲ. ಓಟ ಗಿಡ್ಡ ಇರುವುದರಿಂದ ಅದೇ ವೇಗದಲ್ಲಿ ಹೆಚ್ಚು ಸಲ ಹೋಗಿಬರುತ್ತಿದೆ. ಇದನ್ನು ಮೊದಲ ಸಲ ನಾನೇ ಲೆಕ್ಕಹಾಕಿ ನೋಡಿದ ದಿನ ಆದ ಖುಷಿ ಇನ್ನೂ ನೆನಪಿದೆ. ಎರಡೂ ಒಳ್ಳೆಯ ಎಂಜಿನ್ನುಗಳೇ, ಕೆಲಸ ಬೇರೆ. ಕ್ಲಾಸಿಕ್ ತನ್ನ 27 ನ್ಯೂಟನ್ ಮೀಟರ್ ಟಾರ್ಕನ್ನು 4,000 ಆರ್‌ಪಿಎಂನಲ್ಲೇ ಕೊಟ್ಟುಬಿಡುತ್ತದೆ, ಸಂತೆಯಿಂದ ಮೂಟೆ ಹೇರಿಕೊಂಡು ಬರುವುದಕ್ಕೆ ಅದೇ ಸರಿ. ನಿಮ್ಮದು ಪೂರ್ತಿ ಎಚ್ಚರಗೊಳ್ಳುವುದು 7,000ದ ಹತ್ತಿರ.

ಈ ಪವರ್ ಎಲ್ಲ ಖರ್ಚಾಗುವುದು ಗಾಳಿಯನ್ನು ಸೀಳುವುದಕ್ಕೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನು ಗೆಲ್ಲಲು ಬೇಕಾದ ಪವರ್ ಎಂಟು ಪಟ್ಟು. ಸವಾರ ಟ್ಯಾಂಕಿನ ಮೇಲೆ ಮಲಗಿದ್ದಾನೆ ಅಂದುಕೊಂಡು ಲೆಕ್ಕಹಾಕಿದರೆ 100 ಕಿ.ಮೀ. ವೇಗದಲ್ಲಿ ಗಾಳಿಗೆ ಹೋಗುವುದು ಸುಮಾರು 6 ಎಚ್‌ಪಿ. 200ರಲ್ಲಿ ಐವತ್ತರ ಹತ್ತಿರ. 300ಕ್ಕೆ 160ರ ಮೇಲೆ. 1999ರಲ್ಲಿ ಬಂದ ಸುಝುಕಿ ಹಯಬುಸಾದ ಆ ಉಬ್ಬಿದ ಮೂತಿಯನ್ನು ಕೆಲವರು ಕುರೂಪ ಅಂದರು. ಆದರೆ 1,299 ಸಿಸಿ ಎಂಜಿನ್ ಜೊತೆಗೆ ಆ ಮೂತಿಯೂ ಇದ್ದುದರಿಂದಲೇ ಅದು 300 ದಾಟಿತು. ಅದಾದ ಮೇಲೆ ದೊಡ್ಡ ಕಂಪನಿಗಳು ತಾವೇ ಮಾತಾಡಿಕೊಂಡು 299ಕ್ಕೆ ಕಡಿವಾಣ ಹಾಕಿಕೊಂಡವು. ನಮ್ಮ ನಿಮ್ಮ ರಸ್ತೆಗೆ ಇದರಲ್ಲಿ ಉಪಯೋಗದ ಮಾತು ಒಂದೇ: ತಗ್ಗಿ ಕೂರುವುದು ಬರೀ ಶೋಕಿಯಲ್ಲ.

ಇನ್ನು ನನಗೆ ಪ್ರಿಯವಾದ ಭಾಗಕ್ಕೆ ಬರುತ್ತೇನೆ.

ನೀವು ಗೋಕಾಕದವರು, ಕಬ್ಬಿನ ಗಾಡಿ ಹೇರುವುದನ್ನು ನೋಡಿಯೇ ಇರುತ್ತೀರಿ. ಹಿಂದೆ ಹೆಚ್ಚು ಹೇರಿದರೆ ನೊಗ ಎತ್ತಿನ ಹೆಗಲು ಬಿಟ್ಟು ಮೇಲೇಳುತ್ತದೆ, ಮುಂದೆ ಹೆಚ್ಚಾದರೆ ಎತ್ತು ಕುಸಿಯುತ್ತದೆ. ಹೇರುವವನು ಒಂದೊಂದು ಹೊರೆ ಇಟ್ಟಾಗಲೂ ನೊಗವನ್ನು ಕೈಯಿಂದ ಎತ್ತಿ ತೂಕ ನೋಡುತ್ತಾನೆ. ಬೈಕಿನ ಚಾಸಿ ಎಂಜಿನಿಯರ್ ಮಾಡುವುದೂ ಅದನ್ನೇ. ಒಂದು ವ್ಯತ್ಯಾಸವಿದೆ: ಬೈಕಿನಲ್ಲಿ ಹೊರೆ ಸುಮ್ಮನೆ ಇರುವುದಿಲ್ಲ. ಥ್ರಾಟಲ್ ತಿರುವಿದಾಗ ಹಿಂದಕ್ಕೆ, ಬ್ರೇಕ್ ಹಿಡಿದಾಗ ಮುಂದಕ್ಕೆ ಓಡುತ್ತದೆ. ನಿಮ್ಮ ಬೈಕು 172 ಕೆ.ಜಿ., ನೀವು 70 ಅಂದುಕೊಳ್ಳೋಣ. ಎರಡು ಚಕ್ರಗಳ ನಡುವಿನ ಅಂತರ 1,340 ಮಿ.ಮೀ. ಆಸುಪಾಸು. ನೆಟ್ಟಗೆ ಹೋಗುವಾಗ ಹಿಂದೆ ಮುಂದೆ ಸುಮಾರು 120 ಕೆ.ಜಿ.ಯಂತೆ ಹಂಚಿರುತ್ತದೆ. ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಿಡಿದರೆ ನೂರರ ಹತ್ತಿರ ಕೆ.ಜಿ. ಹಿಂದಿನಿಂದ ಮುಂದಕ್ಕೆ ಬರುತ್ತದೆ. ಮುಂದಿನ ಟಯರಿನ ಮೇಲೆ 215, ಹಿಂದಿನದರ ಮೇಲೆ ಇಪ್ಪತ್ತೈದೋ ಏನೋ. ಮುಂದೆ 320 ಮಿ.ಮೀ. ಡಿಸ್ಕ್ ಯಾಕೆ, ಹಿಂದೆ ಚಿಕ್ಕದು ಯಾಕೆ ಎಂಬುದಕ್ಕೆ ಇದೇ ಉತ್ತರ.

ತಿರುವಿನಲ್ಲಿ ಮೊದಲು ಕೆಲಸ ಶುರುಮಾಡುವುದು ಮುಂದಿನ ಟಯರ್. ಅದರ ಮೇಲೆ ಭಾರವಿದ್ದರೆ ಹಿಡಿತವಿರುತ್ತದೆ, ರಸ್ತೆ ಏನು ಹೇಳುತ್ತಿದೆ ಎಂಬುದು ಹ್ಯಾಂಡಲ್ಲಿನ ಮೂಲಕ ಅಂಗೈಗೆ ಬರುತ್ತದೆ. ಹಾಗಾಗಿ ಸವಾರನನ್ನೇ ಮುಂದಕ್ಕೆ ಬಾಗಿಸಿ, ಕಾಲನ್ನು ಹಿಂದಕ್ಕೆ ಮಡಿಸಿ, ಅವನ ಎದೆಯ ಭಾರವನ್ನು ಮುಂದಕ್ಕೆ ತರುತ್ತಾರೆ. 240 ಕೆ.ಜಿ.ಯಲ್ಲಿ 70 ಕೆ.ಜಿ. ನೀವೇ. ಅಷ್ಟು ದೊಡ್ಡ ಬಿಡಿಭಾಗವನ್ನು ಎಲ್ಲಿ ಕೂರಿಸಬೇಕು ಎಂದು ಎಂಜಿನಿಯರ್ ಯೋಚಿಸದೇ ಇರುತ್ತಾನೆಯೇ?

ಆಮೇಲೆ ಬರುವುದು ಫೋರ್ಕಿನ, ಅಂದರೆ ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕಾಲುಗಳ ಓರೆ. ಮಾಲ್‌ನಲ್ಲಿ ಸಾಮಾನಿನ ಟ್ರಾಲಿ ತಳ್ಳುತ್ತೀರಲ್ಲ, ಅದರ ಚಿಕ್ಕ ಚಕ್ರ ತಾನಾಗಿಯೇ ನೀವು ತಳ್ಳಿದ ದಿಕ್ಕಿಗೆ ತಿರುಗಿ ಹಿಂದೆ ಬೀಳುತ್ತದೆ. ಚಕ್ರ ನೆಲ ಮುಟ್ಟುವ ಜಾಗ, ಅದು ತಿರುಗುವ ಕಂಬಿಗಿಂತ ಹಿಂದಿರುವುದೇ ಕಾರಣ. ಬೈಕಿನಲ್ಲೂ ಹ್ಯಾಂಡಲ್ ತಿರುಗುವ ಅಕ್ಷವನ್ನು ಗೆರೆ ಎಳೆದಂತೆ ನೆಲದವರೆಗೆ ಇಳಿಸಿ ನೋಡಿ, ಅದು ಟಯರ್ ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬೀಳುತ್ತದೆ. ಆ ಅಂತರಕ್ಕೆ ಟ್ರೇಲ್ ಅನ್ನುತ್ತಾರೆ, ಅಕ್ಷದ ಓರೆಗೆ ರೇಕ್. ಸ್ಪೋರ್ಟ್ಸ್ ಬೈಕುಗಳಲ್ಲಿ ರೇಕ್ 23ರಿಂದ 25 ಡಿಗ್ರಿ, ಟ್ರೇಲ್ 90ರಿಂದ 100 ಮಿ.ಮೀ. ಹತ್ತಿರ. ಉದ್ದ ಮೂತಿಯ ಕ್ರೂಸರುಗಳಲ್ಲಿ ರೇಕ್ 30 ದಾಟುವುದುಂಟು. ಟ್ರೇಲ್ ಜಾಸ್ತಿಯಾದರೆ ಹೆದ್ದಾರಿಯಲ್ಲಿ ಬೈಕು ಬಂಡೆಯಂತೆ ನೆಟ್ಟಗಿರುತ್ತದೆ, ತಿರುಗಲು ಮಾತ್ರ ತಕರಾರು. ಕಡಿಮೆಯಾದರೆ ಚುರುಕು, ಒಂದು ಮಿತಿಯ ಆಚೆಗೆ ಹುಚ್ಚು.

ಆ ಹುಚ್ಚನ್ನು ನಾನು ನೋಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸದು, ನನ್ನ ಸ್ವಂತ ಬೈಕಿನ ಹಿಂಭಾಗವನ್ನು ಶಾಕ್ ಅಬ್ಸಾರ್ಬರ್‌ಗೆ ತುಂಡು ಕೂಡಿಸಿ ಒಂದು ಇಂಚು ಎತ್ತರಿಸಿದ್ದೆ. ತಿರುವಿನಲ್ಲಿ ಚುರುಕಾಗಬೇಕೆಂಬ ಆಸೆ. ಹಿಂದೆ ಒಂದು ಇಂಚು ಎತ್ತಿದರೆ ರೇಕ್ ಒಂದು ಡಿಗ್ರಿ ಕಡಿಮೆಯಾಗುತ್ತದೆ, ಟ್ರೇಲ್ ಆರೇಳು ಮಿ.ಮೀ. ಕುಗ್ಗುತ್ತದೆ. ಕೇಳಲು ಏನೂ ಅಲ್ಲ. ಹಳೆಯ ಪುಣೆ-ಮುಂಬಯಿ ಹೆದ್ದಾರಿಯಲ್ಲಿ, ಲೋಣಾವಳಾದ ಈಚೆ, ರಸ್ತೆಯ ಒಂದು ಏಣು ದಾಟಿದ್ದೇ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಹೊಡೆದುಕೊಳ್ಳಲು ಶುರುಮಾಡಿತು. ಗಟ್ಟಿ ಹಿಡಿದಷ್ಟೂ ಹೆಚ್ಚಾಯಿತು. ಕೈ ಸಡಿಲಬಿಟ್ಟು ವೇಗ ತಾನಾಗಿ ಇಳಿಯಲು ಬಿಟ್ಟ ಮೇಲೆ ನಿಂತಿತು. ಬೀಳಲಿಲ್ಲ, ಆದರೆ ರಸ್ತೆ ಬದಿಯಲ್ಲಿ ಹತ್ತು ನಿಮಿಷ ಕೂತಿದ್ದೆ. ಆ ದಿನದಿಂದ ಮಿಲಿಮೀಟರುಗಳ ಬಗ್ಗೆ ನನಗೆ ಗೌರವ. ಮುಂದೆ ಪರೀಕ್ಷೆಯ ಟ್ರ್ಯಾಕಿನಲ್ಲಿ, ಸವಾರನಿಗೆ ಹೇಳದೆ ಫೋರ್ಕನ್ನು ಕ್ಲ್ಯಾಂಪಿನಲ್ಲಿ 5 ಮಿ.ಮೀ. ಸರಿಸಿಟ್ಟರೆ, ಅವರು ಎರಡನೇ ಸುತ್ತಿಗೇ ಬಂದು "ಮುಂದೆ ಏನೋ ಬದಲಾಗಿದೆ" ಅನ್ನುವುದನ್ನು ಎಷ್ಟೋ ಸಲ ಕಂಡೆ.

ಇದೇ ರೇಖಾಗಣಿತದಲ್ಲಿ ಇನ್ನೊಂದು ಸೊಗಸಿದೆ. ಬ್ರೇಕ್ ಹಿಡಿದಾಗ ಮುಂದಿನ ಫೋರ್ಕ್ ತಗ್ಗುತ್ತದೆ, ಹಿಂಭಾಗ ಏಳುತ್ತದೆ. ಅಂದರೆ ನಾನು ತುಂಡು ಕೂಡಿಸಿ ಮಾಡಿದ್ದನ್ನೇ ಬೈಕು ಕ್ಷಣಕಾಲ ತಾನೇ ಮಾಡಿಕೊಳ್ಳುತ್ತದೆ. ತಿರುವಿನ ಬಾಯಲ್ಲಿ ಚುರುಕಾಗುತ್ತದೆ. ಬ್ರೇಕ್ ಮೆಲ್ಲಗೆ ಬಿಡುತ್ತ ಒಳಹೊಕ್ಕರೆ ಬೈಕು ತಾನೇ ಒಳಗೆ ಎಳೆದುಕೊಂಡಂತೆ ಅನ್ನಿಸುವುದು ಇದರಿಂದ. ತಿರುವು ಮುಗಿದು ಥ್ರಾಟಲ್ ಕೊಟ್ಟಾಗ ಫೋರ್ಕ್ ಏಳುತ್ತದೆ, ಬೈಕು ಮತ್ತೆ ನೆಟ್ಟಗೆ ಸ್ಥಿರವಾಗುತ್ತದೆ. ತಾಮ್ಹಿಣಿಯಲ್ಲಿ ನಿಮಗೆ "ನೋಡಿದ ಕಡೆ ಹೋಗುತ್ತದೆ" ಅನ್ನಿಸಿದ್ದರಲ್ಲಿ ದೊಡ್ಡ ಪಾಲು ಈ ತಗ್ಗು-ಏಳುಗಳದು. ಬಾಗಿಸುವುದಕ್ಕೂ ನೀವು ಗೊತ್ತಿಲ್ಲದೇ ಮಾಡುತ್ತಿರುವ ಕೆಲಸ ಒಂದಿದೆ: ಎಡಕ್ಕೆ ಹೋಗಬೇಕಾದರೆ ಎಡಗೈ ಹ್ಯಾಂಡಲನ್ನು ಮುಂದಕ್ಕೆ ಒತ್ತುತ್ತದೆ. ಚಕ್ರ ಒಂದು ಕ್ಷಣ ಬಲಕ್ಕೆ ಹೊರಳಿ, ಬೈಕು ಎಡಕ್ಕೆ ವಾಲುತ್ತದೆ. ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಮೆಲ್ಲಗೆ ಒತ್ತಿ ನೋಡಿ, ತಿಳಿಯುತ್ತದೆ.

ಭಾರ ಎಷ್ಟಿದೆ ಎಂಬುದಷ್ಟೇ ಅಲ್ಲ, ಎಷ್ಟು ಒತ್ತೊತ್ತಾಗಿ ಇದೆ ಎಂಬುದೂ ಮುಖ್ಯ. ತುಂಬಿದ ಕೊಡವನ್ನು ನಡುವಿಗೆ ಒತ್ತಿಕೊಂಡರೆ ಹೆಂಗಸರು ಆರಾಮಾಗಿ ತಿರುಗಿ ಮಾತಾಡುತ್ತಾರೆ. ಅದೇ ಕೊಡವನ್ನು ಕೈ ಚಾಚಿ ಹಿಡಿದು ತಿರುಗಲು ಹೇಳಿ! ಎಂಜಿನ್, ಬ್ಯಾಟರಿ, ಪೆಟ್ರೋಲು, ಸೈಲೆನ್ಸರ್ ಎಲ್ಲವನ್ನೂ ನಡುವಿಗೆ ಎಳೆದುಕೊಳ್ಳುವುದು ಇದಕ್ಕೇ. 2014ರಲ್ಲಿ ಬಂದ ಮೊದಲ ಆರ್‌ಸಿಯಲ್ಲಿ ಸೈಲೆನ್ಸರ್ ಹೊಟ್ಟೆಯಡಿಯಲ್ಲೇ ಅಡಗಿತ್ತು.

ಈ ಕಲೆಯನ್ನು ಲೋಕಕ್ಕೆ ತೋರಿಸಿಕೊಟ್ಟ ಎರಡು ಬೈಕುಗಳ ಮಾತು ಹೇಳದೆ ಮುಂದೆ ಹೋಗಲಾರೆ. 1992ರಲ್ಲಿ ಹೋಂಡಾದ ತಡಾವೊ ಬಾಬಾ 893 ಸಿಸಿಯ ಫೈರ್‌ಬ್ಲೇಡನ್ನು 750 ಸಿಸಿ ಬೈಕಿನ ಮೈಯಲ್ಲಿ ತಂದರು, ಪೆಟ್ರೋಲು ಎಣ್ಣೆ ಬಿಟ್ಟು ತೂಕ 185 ಕೆ.ಜಿ. ಆ ಕಾಲದಲ್ಲಿ ದೊಡ್ಡ ಬೈಕು ಅಂದರೆ ಭಾರದ ಬೈಕು ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. 1998ರಲ್ಲಿ ಯಮಾಹಾದ ಕುನಿಹಿಕೊ ಮಿವಾ ಅವರ ತಂಡ ಆರ್1 ಮಾಡಿತು: 998 ಸಿಸಿ, 150 ಎಚ್‌ಪಿ, ಅದೇ ಲೆಕ್ಕದಲ್ಲಿ 177 ಕೆ.ಜಿ. ಅವರು ಮಾಡಿದ್ದು ಗೇರ್‌ಬಾಕ್ಸಿನ ಶಾಫ್ಟುಗಳನ್ನು ಒಂದರ ಹಿಂದೊಂದು ಇಡುವ ಬದಲು ಒಂದರ ಮೇಲೊಂದು ಏರಿಸಿದ್ದು. ಎಂಜಿನ್ ಹಿಂದು-ಮುಂದಾಗಿ ಗಿಡ್ಡವಾಯಿತು. ಉಳಿದ ಜಾಗದಲ್ಲಿ ಬೈಕನ್ನು ಇನ್ನೂ ಗಿಡ್ಡ ಮಾಡಬಹುದಿತ್ತು, ಆದರೆ ಅವರು ಆ ಜಾಗವನ್ನು ಹಿಂದಿನ ಸ್ವಿಂಗ್‌ಆರ್ಮನ್ನು, ಅಂದರೆ ಹಿಂದಿನ ಚಕ್ರವನ್ನು ಹಿಡಿದು ಮೇಲೆ ಕೆಳಗೆ ಆಡುವ ತೋಳನ್ನು, ಉದ್ದಮಾಡಲು ಕೊಟ್ಟರು.

ಸ್ವಿಂಗ್‌ಆರ್ಮ್ ಉದ್ದವಾದರೆ ಏನು ಲಾಭ? ಥ್ರಾಟಲ್ ಕೊಟ್ಟಾಗ ಭಾರ ಹಿಂದಕ್ಕೆ ಓಡಿ ಹಿಂಭಾಗ ಕುಸಿಯಲು ನೋಡುತ್ತದೆ. ಅದೇ ಹೊತ್ತಿಗೆ ಟಯರಿನ ನೂಕು ಮತ್ತು ಚೈನಿನ ಎಳೆತ ಸೇರಿ, ಹಿಂದಕ್ಕೆ ಇಳಿಜಾರಾಗಿರುವ ಸ್ವಿಂಗ್‌ಆರ್ಮಿನ ಮೂಲಕ ಹಿಂಭಾಗವನ್ನು ಎತ್ತಲು ನೋಡುತ್ತವೆ. ಎರಡೂ ಸರಿತೂಗಿದರೆ ಬೈಕು ಕುಸಿಯದೆ, ಮುಂದಿನ ಚಕ್ರದ ಮೇಲೆ ಭಾರ ಉಳಿಸಿಕೊಂಡು ತಿರುವಿನಿಂದ ಹೊರಬರುತ್ತದೆ. ಆ ಸರಿತೂಕ ನಿಂತಿರುವುದು ಸ್ವಿಂಗ್‌ಆರ್ಮಿನ ಓರೆಯ ಮೇಲೆ. ಗಿಡ್ಡ ತೋಳಾದರೆ ಪ್ರತಿ ಗುಂಡಿಗೂ ಓರೆ ಬಹಳ ಬದಲಾಗುತ್ತದೆ, ಉದ್ದ ತೋಳಾದರೆ ಕಡಿಮೆ. ಗೇರ್‌ಬಾಕ್ಸಿನಲ್ಲಿ ಮಾಡಿದ ಬದಲಾವಣೆಯ ಫಲ ಹಿಂದಿನ ಟಯರಿನ ಹಿಡಿತದಲ್ಲಿ ಸಿಕ್ಕಿತು. ಇಪ್ಪತ್ತೇಳು ವರ್ಷಕ್ಕೂ ಹಳೆಯ ಕೆಲಸ, ಇವತ್ತಿಗೂ ಹೊಸ ಎಂಜಿನಿಯರುಗಳಿಗೆ ನಾನು ಮೊದಲು ತೋರಿಸುವ ಉದಾಹರಣೆ ಅದು.

ಫ್ರೇಮಿನ ವಿಷಯ ಸ್ವಲ್ಪವೇ ಹೇಳುತ್ತೇನೆ. ಸ್ಟೀರಿಂಗ್ ತಲೆಯಿಂದ ಸ್ವಿಂಗ್‌ಆರ್ಮ್ ಕೀಲಿನವರೆಗೆ ನೇರ ದಾರಿಯಲ್ಲಿ ಬಲ ಸಾಗಬೇಕು, ನಡುವೆ ತಿರುಚಬಾರದು. ನಿಮ್ಮ ಬೈಕಿನ ಉಕ್ಕಿನ ಕೊಳವೆಗಳ ತ್ರಿಕೋನಗಳನ್ನು ನೋಡಿ, ಹಳೆಯ ರೈಲ್ವೆ ಸೇತುವೆಯ ಉಪಾಯ ಅದು. ಜಪಾನಿನವರು ಎರಡು ಅಗಲ ಅಲ್ಯುಮಿನಿಯಂ ತೊಲೆಗಳಿಂದ ಎಂಜಿನ್ನನ್ನು ಎರಡೂ ಬದಿಯಿಂದ ಅಪ್ಪಿಸುತ್ತಾರೆ. ಸ್ಪೇನಿನ ಆಂಟೋನಿಯೊ ಕೋಬಾಸ್ 1980ರ ದಶಕದ ಆರಂಭದಲ್ಲಿ ರೇಸಿಗೆ ತಂದ ದಾರಿ ಅದು. ಆದರೆ ಫ್ರೇಮು ಕಲ್ಲಿನಂತಿದ್ದರೂ ಕಷ್ಟ. ಬೈಕು 45 ಡಿಗ್ರಿ ವಾಲಿದಾಗ ಗುಂಡಿ ಒದೆಯುವುದು ನೆಟ್ಟಗೆ ಮೇಲಕ್ಕೆ, ಫೋರ್ಕ್ ಮಡಚುವುದು ಓರೆಯಲ್ಲಿ. ಮಿಕ್ಕ ಒದೆತವನ್ನು ಫ್ರೇಮೇ ಪಕ್ಕಕ್ಕೆ ತುಸು ಬಳುಕಿ ನುಂಗಿಕೊಳ್ಳಬೇಕು. ಎಲ್ಲಿ ಬಿಗಿ, ಎಲ್ಲಿ ಬಳುಕು ಎಂದು ತೀರ್ಮಾನಿಸುವುದು ಈ ಕೆಲಸದ ಅತ್ಯಂತ ಕಷ್ಟದ ಭಾಗ. ಲೆಕ್ಕದಷ್ಟೇ ಒಳ್ಳೆಯ ಸವಾರನ ಕುಂಡೆಯ ಅನುಭವವೂ ಅಲ್ಲಿ ಬೇಕಾಗುತ್ತದೆ.

ಈಗ ಟಯರು. 50 ಮೀಟರ್ ತ್ರಿಜ್ಯದ ತಿರುವೊಂದನ್ನು, ತಾಮ್ಹಿಣಿಯಲ್ಲಿ ಅಂಥವು ಬೇಕಾದಷ್ಟಿವೆ, 60 ಕಿ.ಮೀ. ವೇಗದಲ್ಲಿ ಹೊಕ್ಕರೆ ಸುಮಾರು 30 ಡಿಗ್ರಿ ವಾಲಬೇಕು. ಅದೇ ತಿರುವಿಗೆ 80ರಲ್ಲಿ ಹೊಕ್ಕರೆ 45 ಡಿಗ್ರಿ. ಸ್ಪೀಡೋಮೀಟರಿನಲ್ಲಿ ಹೆಚ್ಚಾಗಿದ್ದು 20, ಟಯರಿನಿಂದ ಕೇಳಿದ್ದು ಹೆಚ್ಚುಕಡಿಮೆ ಎರಡು ಪಟ್ಟು ಹಿಡಿತ. ಒಣಗಿದ ಒಳ್ಳೆಯ ಡಾಂಬರಿನಲ್ಲಿ ರಸ್ತೆ ಟಯರಿನ ಶಕ್ತಿ ಅಲ್ಲಿಗೆ ಮುಗಿಯುತ್ತ ಬರುತ್ತದೆ. ಮುಳಶಿ ಕಡೆಯ ಮಳೆಗಾಲದ ಪಾಚಿ, ಗುಡ್ಡದಿಂದ ಇಳಿದು ಬಂದ ಕೆಂಪು ಮಣ್ಣು ಇದ್ದರೆ ಅದಕ್ಕಿಂತ ಎಷ್ಟೋ ಮುಂಚೆಯೇ. ಬ್ರೇಕಿಗೂ ತಿರುವಿಗೂ ಒಂದೇ ಗಡಿಗೆಯ ನೀರು. ನೆಲ ಮುಟ್ಟುವುದು ಅಂಗೈಯಗಲದ ರಬ್ಬರು, ಪೂರ್ತಿ ಬಾಗಿದಾಗ ಬ್ರೇಕಿಗೆ ಏನೂ ಉಳಿದಿರುವುದಿಲ್ಲ. ನಿಮ್ಮ ಬೈಕಿನಲ್ಲಿ ವಾಲಿದ ಕೋನವನ್ನು ಅಳೆದು ಬ್ರೇಕ್ ಹದಮಾಡುವ ಕಾರ್ನರಿಂಗ್ ಎಬಿಎಸ್ ಇದೆ. 2013ರಲ್ಲಿ ಬಾಷ್ ಕಂಪನಿ ಇದನ್ನು ಮೊದಲು ಕೆಟಿಎಂ 1190 ಅಡ್ವೆಂಚರ್‌ಗೆ ಕೊಟ್ಟಾಗ ಅದು ದೊಡ್ಡ ಬೈಕುಗಳ ಭಾಗ್ಯ ಮಾತ್ರವಾಗಿತ್ತು. ಹತ್ತು ವರ್ಷದೊಳಗೆ ಚಾಕಣದಲ್ಲಿ ತಯಾರಾಗುವ 373 ಸಿಸಿ ಬೈಕಿಗೆ ಬಂದಿತು. ನನಗೆ ಇದು ನಿಜವಾದ ಸಂತೋಷದ ಸಂಗತಿ. ಆದರೂ ಅದು ಇರುವ ಹಿಡಿತವನ್ನು ಹಂಚಬಲ್ಲದು, ಇಲ್ಲದ್ದನ್ನು ತರಲಾರದು.

ದಪ್ಪ ಟಯರ್ ಬೇಡ ಅಂದದ್ದು ಯಾಕೆಂದರೆ, ಹಿಂದಿನ ನಿಮ್ಮ ರಿಮ್ಮು 150/60, ಅಂದರೆ 150 ಮಿ.ಮೀ. ಅಗಲದ ಟಯರಿಗೆ ಮಾಡಿದ್ದು. ಅದರ ಮೇಲೆ 170 ಏರಿಸಿದರೆ ಪಕ್ಕದ ಗೋಡೆಗಳು ಒಳಕ್ಕೆ ಹಿಂಡಿಕೊಂಡು ಟಯರಿನ ನೆತ್ತಿ ಕೋಳಿಮೊಟ್ಟೆಯ ಚೂಪು ತುದಿಯಂತಾಗುತ್ತದೆ. ನೆಟ್ಟಗೆ ಹೋಗುವಾಗ ನೆಲ ಮುಟ್ಟುವ ಜಾಗ ಕಡಿಮೆಯೇ ಆಗಬಹುದು. ಎರಡನೆಯದು, ಟಯರ್ ದಪ್ಪವಾದಷ್ಟೂ ವಾಲಿದಾಗ ಅದು ನೆಲ ಮುಟ್ಟುವ ಜಾಗ ಬೈಕಿನ ನಡುಗೆರೆಯಿಂದ ದೂರ ಸರಿಯುತ್ತದೆ. ಅದೇ ತಿರುವಿಗೆ, ಅದೇ ವೇಗಕ್ಕೆ, ನೀವು ಇನ್ನೂ ಹೆಚ್ಚು ವಾಲಬೇಕು. ಮೂರನೆಯದು ಚಕ್ರದ ಅಂಚಿನಲ್ಲಿ ಕೂಡಿದ ತೂಕ, ಎಂಜಿನ್ ಅದನ್ನು ತಿರುಗಿಸಬೇಕು, ಶಾಕ್ ಅದನ್ನು ಹಿಡಿದು ನಿಲ್ಲಿಸಬೇಕು. ಹಿಂದಿನಿಂದ ನೋಡಲು ಚಂದ ಕಾಣುತ್ತದೆ ಎಂಬುದು ಖರೆ. ನಿಮ್ಮ ಬೈಕಿನ ಅತ್ಯುತ್ತಮ ಗುಣವನ್ನು ಮಾರಿ ಆ ಚಂದ ಕೊಳ್ಳುವುದು ನನಗೆ ಸಂಕಟದ ವಿಷಯ. ಅದೇ ದುಡ್ಡಿಗೆ ಅದೇ ಅಳತೆಯ ಒಳ್ಳೆಯ ಹೊಸ ಜೋಡಿ ಟಯರ್ ಹಾಕಿಸಿ, ವಾರಕ್ಕೊಮ್ಮೆ ಬೆಳಗ್ಗೆ ಬೈಕು ತಣ್ಣಗಿರುವಾಗ ಗಾಳಿ ನೋಡಿ.

ಹ್ಯಾಂಡಲ್ಲನ್ನು 20 ಮಿ.ಮೀ.ವರೆಗೆ ಎತ್ತರಿಸಿದರೆ ಆಕಾಶವೇನೂ ಬೀಳುವುದಿಲ್ಲ. ನಿಂತ ಬೈಕಿನಲ್ಲಿ ಮುಂದಿನ ಚಕ್ರದಿಂದ ಕಡಿಮೆಯಾಗುವ ಭಾರ ಒಂದೆರಡು ಕೆ.ಜಿ. ಅಷ್ಟೇ. ಬ್ರೇಕ್ ಪೈಪು ಎಳೆದುಕೊಳ್ಳಬಾರದು, ಪೂರ್ತಿ ಎಡ-ಬಲ ತಿರುಗಿಸಿದಾಗ ಹ್ಯಾಂಡಲ್ ಮುಂದಿನ ಫೇರಿಂಗಿಗೆ (ಗಾಳಿ ಸೀಳುವ ಹೊರಕವಚಕ್ಕೆ) ತಾಗಬಾರದು, ಥ್ರಾಟಲ್ ತಾನಾಗಿ ಏರಬಾರದು. ಇವು ಮೂರನ್ನು ಅಲ್ಲೇ ನಿಂತು ನೋಡಿಕೊಳ್ಳಿ. ನೆಟ್ಟಗೆ ಕೂರುವಷ್ಟು ಎತ್ತರದ ಹ್ಯಾಂಡಲ್ ಮಾತ್ರ ಬೇರೆಯೇ ಮಾತು. ಆಗ 120ರ ವೇಗದಲ್ಲಿ ಗಾಳಿ ನಿಮ್ಮ ಎದೆಯನ್ನು ಹಿಂದಕ್ಕೆ ತಳ್ಳುತ್ತದೆ, ನನ್ನ ಅಂದಾಜಿನಲ್ಲಿ ಮುಂದಿನ ಚಕ್ರದಿಂದ ಹತ್ತು ಕೆ.ಜಿ.ಯಷ್ಟು ಭಾರವನ್ನು ಅದೊಂದೇ ಕಿತ್ತುಕೊಳ್ಳುತ್ತದೆ. ಮುಂಭಾಗ ಹಗುರಾಗಿ ತೇಲಿದಂತೆ ಅನ್ನಿಸಲು ಅಷ್ಟು ಸಾಕು.

ಮಣಿಕಟ್ಟಿನ ನೋವಿಗೆ ಹ್ಯಾಂಡಲ್ಲಿಗಿಂತ ಕೂರುವ ರೀತಿಯೇ ಹೆಚ್ಚು ಕಾರಣ. ಈ ಭಂಗಿಯನ್ನು ರೂಪಿಸಿದ್ದು ವೇಗಕ್ಕೆ. ಹೆದ್ದಾರಿಯಲ್ಲಿ ಎದುರುಗಾಳಿ ನಿಮ್ಮ ಎದೆಯನ್ನು ಆತುಕೊಳ್ಳುತ್ತದೆ, ಕೈ ಹಗುರಾಗುತ್ತದೆ. ಚಾಕಣ ಚೌಕದಲ್ಲಿ ಆ ಗಾಳಿಯಿಲ್ಲ, ಎದೆಯ ಭಾರವೆಲ್ಲ ಅಂಗೈಗೆ ಇಳಿಯುತ್ತದೆ. ಗರಡಿಯಲ್ಲಿ ಪೈಲ್ವಾನರು ಕೈಯ ಬಲದಿಂದ ನಿಲ್ಲುವುದಿಲ್ಲ, ತೊಡೆ-ಸೊಂಟದಿಂದ ನಿಲ್ಲುತ್ತಾರೆ ಅಲ್ಲವೇ? ಹಾಗೆಯೇ ಮೊಣಕಾಲುಗಳಿಂದ ಟ್ಯಾಂಕನ್ನು ಅಪ್ಪಿ, ಹೊಟ್ಟೆಯ ಸ್ನಾಯು ಬಿಗಿದು, ಮೊಣಕೈ ಸಡಿಲಬಿಡಿ. ಹ್ಯಾಂಡಲನ್ನು ಹಕ್ಕಿ ಹಿಡಿದಷ್ಟೇ ಹಿಡಿಯಿರಿ. ಎರಡು ವಾರ ಕಷ್ಟ, ಆಮೇಲೆ ರೂಢಿ. ನಿಮಗೆ ಇನ್ನೂ ವಾಲಿಸಿ ಓಡಿಸುವ ಹಂಬಲವಿದ್ದರೆ ರಜೆ ಹಾಕಿ ಕೊಯಮತ್ತೂರಿನ ಕರಿ ಎಂಬ ರೇಸ್ ಟ್ರ್ಯಾಕಿಗೆ ಹೋಗಿ ಬನ್ನಿ. ತಾಮ್ಹಿಣಿಯಲ್ಲಿ ತಿರುವಿನ ಆಚೆ ಎಮ್ಮೆ ನಿಂತಿರುತ್ತದೆ.

ದಸರಾ ಪ್ರಯಾಣಕ್ಕೆ ಖಂಡಿತ ಹೋಗಿ. ಖಂಬಾಟ್ಕಿ ಘಾಟು, ಕೊಲ್ಹಾಪುರ, ನಿಪ್ಪಾಣಿ, ಸಂಕೇಶ್ವರ. ಮುನ್ನೂರು ಕಿಲೋಮೀಟರಿಗೂ ಮೇಲೆ. ಹೊರಡುವ ಮುಂಚೆ ಗೆಳೆಯನೊಬ್ಬನ ಕೈಯಲ್ಲಿ ಟೇಪು ಕೊಟ್ಟು ಒಂದು ಅಳತೆ ತೆಗೆಸಿ. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ, ಅಕ್ಷದಿಂದ ನೇರ ಮೇಲಿನ ಒಂದು ಗುರುತಿನವರೆಗೆ ಅಳೆಯಿರಿ. ಆಮೇಲೆ ನೀವು ಜಾಕೆಟ್-ಹೆಲ್ಮೆಟ್ ಸಮೇತ ಕೂತಾಗ ಮತ್ತೆ ಅಳೆಯಿರಿ. ವ್ಯತ್ಯಾಸ 30-35 ಮಿ.ಮೀ. ಇದ್ದರೆ ಸರಿ. ಹೆಚ್ಚಿದ್ದರೆ ಶಾಕಿನ ಪ್ರೀಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಡುವ ಹೊಂದಾಣಿಕೆ) ಬಿಗಿಸಿ, ಕಡಿಮೆಯಿದ್ದರೆ ಸಡಿಲಿಸಿ. ಸೆಕೆಂಡ್ ಹ್ಯಾಂಡ್ ಬೈಕು, ಹಳೆಯ ಮಾಲೀಕರು ತಮ್ಮ ತೂಕಕ್ಕೆ ಇಟ್ಟಿರುತ್ತಾರೆ. ಸ್ಟೀರಿಂಗ್ ಬೇರಿಂಗಿನಲ್ಲಿ ಆಟವಿದೆಯೇ, ಚೈನು ಸರಿಯಾಗಿ ಸಡಿಲವಿದೆಯೇ ಎಂದೂ ನೋಡಿಸಿ. ಮನೆಗೆ ಒಯ್ಯುವ ಸಾಮಾನನ್ನು ಹಿಂದಿನ ಸೀಟಿನ ಬಾಲಕ್ಕೆ ಕಟ್ಟಬೇಡಿ. ಅಲ್ಲಿ ಕಟ್ಟಿದ ಹದಿನೈದು ಕೆ.ಜಿ. ಮುಂದಿನ ಚಕ್ರಕ್ಕೆ ಏನೂ ಕೊಡುವುದಿಲ್ಲ, ಹಿಂಭಾಗ ತಗ್ಗಿಸಿ ರೇಕ್ ಹೆಚ್ಚಿಸುತ್ತದೆ, ಖಂಬಾಟ್ಕಿಯ ತಿರುವುಗಳಲ್ಲಿ ಬೈಕು ಹೊರಕ್ಕೆ ಜಾರಿದಂತೆ ಅನ್ನಿಸುತ್ತದೆ. ಭಾರದ್ದನ್ನು ಟ್ಯಾಂಕಿನ ಮೇಲಿನ ಚೀಲದಲ್ಲಿಡಿ, ಬಟ್ಟೆಬರೆಯನ್ನು ಹಿಂದೆ ಕಟ್ಟಿ. ವಾಪಸು ಬರುವಾಗ ಅಮ್ಮ ಕೊಡುವ ಕರದಂಟಿನ ಡಬ್ಬಿಗೂ ಟ್ಯಾಂಕಿನ ಮೇಲೆಯೇ ಜಾಗ ಮಾಡಿಕೊಳ್ಳಿ.